ಪರದೆ ಕಪ್ಪಾದರೆ ಪ್ಯಾನೆಲ್ ಹೋಯಿತು ಅಂತಲ್ಲ

"ಡಿಸ್‌ಪ್ಲೇ ಹೋಗಿದೆಯಂತೆ, ಹೊಸದು ತಗೊಳ್ಳೋದೇ ವಾಸಿ ಅಂದ್ರು." ರಿಪೇರಿಗೆಂದು ನನ್ನ ಬಳಿ ಮಾನಿಟರ್ ಹೊತ್ತು ತರುವವರಲ್ಲಿ ಹೆಚ್ಚಿನವರ ಮೊದಲ ಮಾತು ಇದು. ಯಾರು ಅಂದರು, ಏನು ನೋಡಿ ಅಂದರು ಎಂದು ಕೇಳಿದರೆ ಉತ್ತರವಿಲ್ಲ. ಪರದೆ ಕಪ್ಪಾಗಿದೆ, ಅಷ್ಟೇ. ಇಷ್ಟರ ಮೇಲೆಯೇ ತೀರ್ಪು ಕೊಟ್ಟು, ಸರಿಹೋಗಬಹುದಾದ ಮಾನಿಟರ್‌ಗಳನ್ನು ಗುಜರಿಗೆ ಹಾಕುವುದು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಎಲ್‌ಸಿಡಿ ಪ್ಯಾನೆಲ್, ಅಂದರೆ ಚಿತ್ರ ಮೂಡುವ ಗಾಜಿನ ಪರದೆ, ತಾನಾಗಿ ಎಳ್ಳಷ್ಟೂ ಬೆಳಕು ಕೊಡುವುದಿಲ್ಲ. 1920 x 1080 ಅಳತೆಯ ಪರದೆಯಲ್ಲಿ ಕೆಂಪು, ಹಸಿರು, ನೀಲಿ ಸೇರಿ ಸುಮಾರು 62 ಲಕ್ಷ ಪುಟ್ಟ ಕಿಟಕಿಗಳಿವೆ ಎಂದುಕೊಳ್ಳಿ. ಅವುಗಳ ಕೆಲಸ ತೆರೆಯುವುದು, ಮುಚ್ಚುವುದು ಮಾತ್ರ. ಬೆಳಕು ಬರುವುದು ಹಿಂದಿನ ಬ್ಯಾಕ್‌ಲೈಟ್‌ನಿಂದ. ಹಳೆಯ ಮಾನಿಟರ್‌ಗಳಲ್ಲಿ ಅದು ತೆಳ್ಳಗಿನ ಟ್ಯೂಬ್, ಈಗಿನವುಗಳಲ್ಲಿ ಎಲ್‌ಇಡಿ ಪಟ್ಟಿ. ಚಿತ್ರ ಬರೆಯುವ ದಾರಿ ಒಂದು, ಬೆಳಕು ಕೊಡುವ ದಾರಿ ಇನ್ನೊಂದು. ಬೆಳಕು ಕೈಕೊಟ್ಟರೂ ಚಿತ್ರ ತನ್ನ ಪಾಡಿಗೆ ಗಾಜಿನ ಮೇಲೆ ಮೂಡುತ್ತಲೇ ಇರುತ್ತದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ತಲೆಯಾಡಿಸಿ, "ಹಾಗಾದ್ರೆ ಪ್ಯಾನೆಲ್ ಹೋಗಿದೆ ತಾನೇ ಸಾರ್?" ಎಂದು ಮತ್ತೆ ಅಲ್ಲಿಗೇ ಬರುತ್ತಾರೆ. ಆದ್ದರಿಂದ ನಾನೀಗ ಬಾಯಲ್ಲಿ ಹೇಳುವುದು ಬಿಟ್ಟು ಟಾರ್ಚ್ ಹಿಡಿದು ತೋರಿಸುತ್ತೇನೆ.

ಕೋಣೆಯ ದೀಪ ಆರಿಸಿ. ಕಂಪ್ಯೂಟರ್ ಮತ್ತು ಮಾನಿಟರ್ ಎರಡೂ ಆನ್ ಇರಲಿ. ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ, ಓರೆಯಾಗಿ ಹಿಡಿದು ನಿಧಾನವಾಗಿ ಸರಿಸಿ. ಮಾನಿಟರ್‌ನ ಮೆನು ಬಟನ್ ಒತ್ತುತ್ತಾ ನೋಡಿದರೆ ಗುರುತಿಸುವುದು ಸುಲಭ. ಬೂದು ನೆರಳಿನಂತೆ ಅಕ್ಷರವೋ, ಐಕಾನೋ, ಮೆನುವಿನ ಚೌಕವೋ ಕಂಡರೆ ಮುಖ್ಯ ಬೋರ್ಡಿನಲ್ಲಿ ಚಿತ್ರ ಸಿದ್ಧಪಡಿಸುವ ಭಾಗ, ಪ್ಯಾನೆಲ್ಲು ಎರಡೂ ಕೆಲಸ ಮಾಡುತ್ತಿವೆ ಎಂದೇ ಅರ್ಥ. ದೋಷ ಬೆಳಕಿನ ಕಡೆಗಿದೆ. ಏನೂ ಕಾಣಲಿಲ್ಲ ಎಂದಮಾತ್ರಕ್ಕೆ ಪ್ಯಾನೆಲ್ ಸತ್ತಿದೆ ಅಂತಲೂ ಅಲ್ಲ. ಕರೆಂಟೇ ಬರದಿರಬಹುದು, ಬೋರ್ಡ್ ಕೆಟ್ಟಿರಬಹುದು, ಸಿಗ್ನಲ್ ಸಿಗದೆ ಮಾನಿಟರ್ ಮಲಗಿರಬಹುದು. ಓಎಲ್‌ಇಡಿ ಪರದೆಗೆ ಈ ಪರೀಕ್ಷೆ ಹೊಂದುವುದಿಲ್ಲ, ಅದರಲ್ಲಿ ಪ್ರತಿ ಬಿಂದುವೂ ಸ್ವಂತ ಬೆಳಕು ಕೊಡುತ್ತದೆ.

ಪುಟವಿನ್ಯಾಸ ಮಾಡುವ ಹೆಣ್ಣುಮಗಳೊಬ್ಬರು ಗಾಬರಿಯಲ್ಲಿ ಫೋನ್ ಮಾಡಿದ್ದರು. ಕೆಲಸದ ನಡುವೆ ಪರದೆ ಕಪ್ಪಾಗಿದೆ, ಪಕ್ಕದಲ್ಲಿದ್ದವರು ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಿದ್ದಾರೆ ಎಂದರು. ಏನನ್ನೂ ಮುಟ್ಟಬೇಡಿ, ಕಂಪ್ಯೂಟರ್ ಆಫ್ ಮಾಡಬೇಡಿ ಎಂದು ಹೇಳಿ ಹೋದೆ. ಟಾರ್ಚ್ ಬಿಟ್ಟಾಗ ಅವರ ಪುಟ ಹಾಗೇ ಇತ್ತು. ಮಸುಕಾಗಿ ಕಂಡ ಶೀರ್ಷಿಕೆಯನ್ನು ಅವರೇ ಓದಿದರು. ನಾನು ಬೆಳಕು ಹಿಡಿದುಕೊಂಡೆ, ಅವರು ಕಂಟ್ರೋಲ್ ಮತ್ತು ಎಸ್ ಒತ್ತಿ ಫೈಲ್ ಸೇವ್ ಮಾಡಿದರು. ಆಮೇಲೆ ನೀರು ಕುಡಿಯುತ್ತಾ, "ಸ್ವಲ್ಪ ದಿನದಿಂದ ಬೆಳಿಗ್ಗೆ ಆನ್ ಮಾಡಿದಾಗ ಮಿಣುಕ್ತಾ ಇತ್ತು, ಬಿಸಿಯಾದ ಮೇಲೆ ಸರಿಹೋಗ್ತಿತ್ತು" ಎಂದರು. ನನಗೆ ಬೇಕಿದ್ದದ್ದು ಆ ಮಾತೇ.

ಹೀಗೆ ತಣ್ಣಗಿದ್ದಾಗ ಮಿಣುಕಿ ಬಿಸಿಯಾದ ಮೇಲೆ ನೆಟ್ಟಗಾಗುವ ಮಾನಿಟರ್ ಕಂಡರೆ ನನ್ನ ಮೊದಲ ಅನುಮಾನ ಪವರ್ ಬೋರ್ಡಿನಲ್ಲಿ ವಿದ್ಯುತ್ತನ್ನು ಹಿಡಿದಿಟ್ಟು ಕೊಡುವ ಪುಟ್ಟ ಡಬ್ಬಿಗಳ, ಅಂದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಮೇಲೆ. ಒಳಗಿನ ದ್ರಾವಣ ಒಣಗುತ್ತಾ ಬಂದಂತೆ ಅವು ಕರೆಂಟಿಗೆ ಒಡ್ಡುವ ಒಳರೋಧ ಏರುತ್ತದೆ, ಬೆಳಕಿಗೆ ಬೇಕಾದ ಕರೆಂಟ್ ಸರಿಯಾಗಿ ಸಿಗುವುದಿಲ್ಲ. ಚಪ್ಪಟೆಯಾಗಿರಬೇಕಾದ ತಲೆ ಉಬ್ಬಿರುತ್ತದೆ, ಕೆಲವೊಮ್ಮೆ ಕಂದು ಕಲೆ ಕಟ್ಟಿರುತ್ತದೆ. ತಲೆ ಉಬ್ಬದೆಯೂ ಕೆಟ್ಟಿರುವುದುಂಟು, ಅದನ್ನು ಮೀಟರ್ ಇಟ್ಟೇ ನೋಡಬೇಕು. ಆ ಮಾನಿಟರ್‌ನಲ್ಲಿ ಎರಡರ ತಲೆ ಉಬ್ಬಿತ್ತು. ಅದೇ ಮೈಕ್ರೋಫ್ಯಾರಡ್‌ನ, ವೋಲ್ಟೇಜ್‌ನಲ್ಲಿ ಕಡಿಮೆಯಿಲ್ಲದ, 105 ಡಿಗ್ರಿ ತಾಳುವ, ಒಳರೋಧ ಕಡಿಮೆಯಿರುವ ಕೆಪಾಸಿಟರ್ ಹಾಕಿದೆ. ಬೆಳಕು ಬಂತು.

ಎಲ್ಲವೂ ಇಷ್ಟು ಸಲೀಸಲ್ಲ. ಚಿತ್ರ ಒಂದೆರಡು ಸೆಕೆಂಡ್ ಬಂದು ಹೋಗುತ್ತಿದ್ದರೆ, ಟ್ಯೂಬಿನಲ್ಲೋ ಎಲ್‌ಇಡಿ ಸಾಲಿನಲ್ಲೋ ಏನೋ ಕೆಟ್ಟು ರಕ್ಷಣಾ ಸರ್ಕ್ಯೂಟ್ ಬೆಳಕನ್ನು ಕಡಿದುಹಾಕುತ್ತಿರಬಹುದು. ಎಲ್‌ಇಡಿಗಳನ್ನು ಸರಣಿಯಲ್ಲಿ ಜೋಡಿಸಿರುವುದರಿಂದ ಒಂದು ಸುಟ್ಟು ಕರೆಂಟಿನ ದಾರಿ ಕಡಿದರೆ ಇಡೀ ಸಾಲು ಆರುತ್ತದೆ. ಪಟ್ಟಿ ಬದಲಿಸಲು ಪ್ಯಾನೆಲ್ ಬಿಚ್ಚಬೇಕು. ಒಳಗಿನ ಹಾಳೆಗಳ ನಡುವೆ ಒಂದು ಧೂಳಿನ ಕಣ ಉಳಿದರೂ ಕೊನೆತನಕ ಕಣ್ಣಿಗೆ ಚುಚ್ಚುತ್ತಿರುತ್ತದೆ. ಇಂಥದ್ದರಲ್ಲಿ ನಾನು ಮೊದಲೇ ಮಾತು ಕೊಡುವುದಿಲ್ಲ.

ಇದನ್ನೋದಿ ಮನೆಯಲ್ಲೇ ಸ್ಕ್ರೂ ಬಿಚ್ಚಲು ಕೂರಬೇಡಿ, ದಯವಿಟ್ಟು. 230 ವೋಲ್ಟ್‌ನ ಪವರ್ ಬೋರ್ಡ್ ಒಳಗೇ ಇದ್ದರೆ, ಅದರ ದೊಡ್ಡ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು. ಹಳೆಯ ಟ್ಯೂಬ್ ಬ್ಯಾಕ್‌ಲೈಟ್‌ನ ಮಾನಿಟರ್ ಉರಿಯುತ್ತಿರುವಾಗ, ಟ್ಯೂಬಿಗೆ ಕರೆಂಟ್ ಕೊಡುವ ಒಳಗಿನ ಇನ್ವರ್ಟರ್ ಭಾಗದಿಂದ ನೂರಾರು ವೋಲ್ಟ್ ಬರುತ್ತದೆ, ಟ್ಯೂಬ್ ಹೊತ್ತಿಕೊಳ್ಳುವಾಗ ಇನ್ನೂ ಹೆಚ್ಚು. ಟಾರ್ಚ್ ಪರೀಕ್ಷೆ ನಿಮ್ಮದು, ಒಳಗಿನ ಕೆಲಸ ಗೊತ್ತಿದ್ದವರದು.

ಗೆರೆ ಬಿದ್ದ ಪರದೆಯ ವಿಷಯ ಬೇರೆ. ಅಲ್ಲಿಯೂ ಮೆನು ತೆರೆದು ನೋಡಿ. ಮೆನುವನ್ನು ಬರೆಯುವುದು ಕಂಪ್ಯೂಟರ್ ಅಲ್ಲ, ಮಾನಿಟರೇ. ಗೆರೆ ಮೆನುವಿನ ಮೇಲೆ ಹಾಯದೆ ಉಳಿದ ಚಿತ್ರದಲ್ಲಷ್ಟೇ ಇದ್ದರೆ ಮೊದಲು ಕೇಬಲ್ ಬದಲಿಸಿ, ಆಮೇಲೆ ಕಂಪ್ಯೂಟರಿನೊಳಗೆ ಚಿತ್ರ ಸಿದ್ಧಪಡಿಸುವ ಗ್ರಾಫಿಕ್ಸ್ ಕಾರ್ಡ್ ಕಡೆ ನೋಡಿ. ಮೆನುವನ್ನೂ ಸೀಳಿಕೊಂಡು ಹೋದರೆ ದೋಷ ಮಾನಿಟರ್‌ನಲ್ಲಿದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣದ ಸಪೂರ ಗೆರೆಯಾದರೆ, ಬಹುಮಟ್ಟಿಗೆ ಗಾಜಿನ ಅಂಚಿಗೆ ಅಂಟಿಸಿರುವ, ಸಿಗ್ನಲ್ ಒಯ್ಯುವ ತೆಳು ಫಿಲ್ಮಿನ ಸಂಪರ್ಕ ಬಿಟ್ಟಿರುತ್ತದೆ. ಅದನ್ನು ಬೆಸುಗೆ ಹಾಕಿ ಕೂರಿಸಲು ಆಗುವುದಿಲ್ಲ. ಅಂಚನ್ನು ಒತ್ತಿದರೆ ಗೆರೆ ಮಾಯವಾಗುತ್ತದೆ ಎಂದು ದಿನವೂ ಹೆಬ್ಬೆರಳು ಊರುವವರಿದ್ದಾರೆ. ಹಾಗೆ ಒತ್ತೀ ಒತ್ತೀ ಒಂದು ಗೆರೆಯಿದ್ದದ್ದು ಗಾಜೇ ಸೀಳಿ ನನ್ನ ಮೇಜಿಗೆ ಬಂದಿದೆ. ಆ ಒಂದು ಗೆರೆಯೊಂದಿಗೆ ಹೊಂದಿಕೊಳ್ಳಲು ಆಗುವುದಾದರೆ, ಮುಟ್ಟದೆ ಹಾಗೇ ಬಳಸಿ.