ಮುದ್ದೆಯ ತೂಕ, ಹಿಟ್ಟಿನ ತೂಕ: ಡಯಟ್ ಟೆಕ್ನಿಷಿಯನ್ ತರಬೇತಿಯ ಟಿಪ್ಪಣಿ

ಆಸ್ಪತ್ರೆಯ ಡಯಟ್ ಕಿಚನ್‌ನಲ್ಲಿ ನನ್ನ ಮೂರನೇ ದಿನ. ಸಕ್ಕರೆ ಕಾಯಿಲೆಯ ರೋಗಿಯೊಬ್ಬರ ಮಧ್ಯಾಹ್ನದ ಊಟದ ಲೆಕ್ಕ ಹಾಕಲು ಹೇಳಿದರು. ಮುದ್ದೆಯನ್ನು ತಕ್ಕಡಿ ಮೇಲಿಟ್ಟೆ, 200 ಗ್ರಾಂ ತೂಗಿತು. ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ ಸುಮಾರು 321 ಕಿಲೋಕ್ಯಾಲೊರಿ ಎಂದಿತ್ತು. ಎರಡರಿಂದ ಗುಣಿಸಿ 642 ಎಂದು ಬರೆದು ಶೀಟ್ ಕೊಟ್ಟೆ. ಡಯಟಿಷಿಯನ್ ಮೇಡಂ ಅದನ್ನು ನೋಡಿ ಕೇಳಿದ್ದು ಇಷ್ಟೇ: "ಈ ಮುದ್ದೇಲಿ ನೀರೇ ಇಲ್ವೇನಮ್ಮಾ?"

ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಯಾವ ಪುಟಕ್ಕಿಂತಲೂ ಈ ಪ್ರಶ್ನೆಯೇ ಹೆಚ್ಚು ಉಪಯೋಗಕ್ಕೆ ಬಂದಿದೆ. ಆದ್ದರಿಂದ ಟಿಪ್ಪಣಿ ಅಲ್ಲಿಂದಲೇ ಶುರು.

ಹಸಿ ತೂಕ, ಬೆಂದ ತೂಕ

ನಾವು ನೋಡುವ ಪಟ್ಟಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದದ್ದು. ಅದರಲ್ಲಿ 528 ಆಹಾರಗಳಿವೆ. ಅಕ್ಕಿ, ರಾಗಿ, ಬೇಳೆಗಳ ಅಂಕಿಗಳೆಲ್ಲ ಬೇಯಿಸುವ ಮುಂಚಿನವು. ರೋಗಿಯ ತಟ್ಟೆಗೆ ಹೋಗುವುದು ಬೆಂದದ್ದು. ನಡುವೆ ಇರುವುದು ನೀರು, ನೀರಿಗೆ ಕ್ಯಾಲೊರಿ ಇಲ್ಲ.

ಅವತ್ತೇ ಸಂಜೆ ಅಡುಗೆಯವರ ಪಕ್ಕ ನಿಂತು 100 ಗ್ರಾಂ ಹಿಟ್ಟು ತೂಗಿ ಕೊಟ್ಟೆ. ತಿರುವಿ, ಕಟ್ಟಿ ಮುಗಿದಾಗ ಮುದ್ದೆ 300 ಗ್ರಾಂ ಬಂತು. ಅಂದರೆ 200 ಗ್ರಾಂ ಮುದ್ದೆಯಲ್ಲಿ ಇರುವ ಹಿಟ್ಟು ಸುಮಾರು 67 ಗ್ರಾಂ, ಕ್ಯಾಲೊರಿ 214. ನಾನು ಬರೆದದ್ದು ಇದರ ಮೂರು ಪಟ್ಟು. ಇನ್ಸುಲಿನ್ ತೆಗೆದುಕೊಳ್ಳುವವರ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ.

ನನ್ನ 300ನ್ನು ನೀವು ಹಾಗೇ ಎತ್ತಿಕೊಳ್ಳಬೇಡಿ. ಮಂಡ್ಯದ ಕಡೆಯವರು ಕಟ್ಟುವ ಮುದ್ದೆಯ ಗಟ್ಟಿತನವೇ ಬೇರೆ, ಕ್ಯಾಂಟೀನಿನ ಮುದ್ದೆಯೇ ಬೇರೆ. ನಿಮ್ಮ ಅಡುಗೆಮನೆಯಲ್ಲೇ ಹಿಟ್ಟು ತೂಗಿ, ಮುದ್ದೆ ತೂಗಿ, ಭಾಗಿಸಿ, ಬಂದ ಅಂಕಿಯನ್ನು ಗೋಡೆಗೆ ಅಂಟಿಸಿ. ಅಕ್ಕಿಗೂ ಹೀಗೇ: 100 ಗ್ರಾಂ ಅಕ್ಕಿ ಸಾಮಾನ್ಯವಾಗಿ 250ರಿಂದ 300 ಗ್ರಾಂ ಅನ್ನ ಆಗುತ್ತದೆ. ಸೌಟಿನ ಅಳತೆಯನ್ನೂ ಒಮ್ಮೆ ತೂಗಿಟ್ಟುಕೊಳ್ಳಿ, ಯಾಕೆಂದರೆ ಬಡಿಸುವವರ ಕೈ ದಿನಕ್ಕೊಂದು ಥರ ಇರುತ್ತದೆ.

ನಮ್ಮ ಜಾಗ ಎಲ್ಲಿ

ಯಾರಿಗೆ ಎಷ್ಟು ಪ್ರೋಟೀನ್, ಎಷ್ಟು ಉಪ್ಪು ಎಂದು ತೀರ್ಮಾನಿಸುವವರು ಡಯಟಿಷಿಯನ್. ಅದು ತಟ್ಟೆಗೆ ಹಾಗೇ ಬಂತೇ, ರೋಗಿ ತಿಂದರೇ ಎಂದು ನೋಡುವುದು ನಮ್ಮ ಕೆಲಸ. ಅಮೆರಿಕದಲ್ಲಿ ಟೆಕ್ನಿಷಿಯನ್ ಹುದ್ದೆಗೆ ಪ್ರತ್ಯೇಕ ನೋಂದಣಿ, ಪ್ರತ್ಯೇಕ ಪರೀಕ್ಷೆ ಇದೆ. ಅಲ್ಲಿ 2024ರ ಜನವರಿಯಿಂದ ಡಯಟಿಷಿಯನ್ ಪರೀಕ್ಷೆ ಬರೆಯಲು ಸ್ನಾತಕೋತ್ತರ ಪದವಿ ಕಡ್ಡಾಯವಾದ ಮೇಲೆ ಟೆಕ್ನಿಷಿಯನ್ ದಾರಿಯನ್ನು ವಿಚಾರಿಸುವ ನಮ್ಮವರೂ ಇದ್ದಾರೆ. ನಮ್ಮಲ್ಲಿ 2021ರ ಅಲೈಡ್ ಹೆಲ್ತ್ ಕಾಯ್ದೆಯ ಪಟ್ಟಿಯಲ್ಲಿ ಡಯಟಿಷಿಯನ್, ನ್ಯೂಟ್ರಿಷನಿಸ್ಟ್ ಇದ್ದಾರೆ. ಟೆಕ್ನಿಷಿಯನ್ ಮಾಡುವ ಕೆಲಸವನ್ನು ಡಯಟ್ ಅಸಿಸ್ಟೆಂಟ್, ಕಿಚನ್ ಸೂಪರ್‌ವೈಸರ್ ಮುಂತಾದ ಹೆಸರುಗಳಲ್ಲಿ ಮಾಡಿಸಿಕೊಳ್ಳುತ್ತಾರೆ. ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಆಹಾರ-ಪೋಷಣೆಯ 6 ತಿಂಗಳ ಸರ್ಟಿಫಿಕೇಟ್ ಕೋರ್ಸ್ ಬುನಾದಿಗೆ ಒಳ್ಳೆಯದು, ಆದರೆ ಅದನ್ನು ಮುಗಿಸಿ ಡಯಟಿಷಿಯನ್ ಎಂದು ಬೋರ್ಡ್ ಹಾಕಿಕೊಳ್ಳುವಂತಿಲ್ಲ.

"ನಾನೇನೂ ತಿನ್ನಲ್ಲ ಮಗಾ"

24 ಗಂಟೆಯ ಊಟದ ವಿವರ ಕೇಳುವುದು ಪುಸ್ತಕದಲ್ಲಿ ಅರ್ಧ ಪುಟ, ವಾರ್ಡಿನಲ್ಲಿ ಅರ್ಧ ಗಂಟೆ. "ನಿನ್ನೆ ಏನು ತಿಂದ್ರಿ ಅಜ್ಜಿ?" ಎಂದು ನೇರ ಕೇಳಿದರೆ "ಏನೂ ಇಲ್ಲ ಮಗಾ, ಬರೀ ಒಂದಿಷ್ಟು ಕಾಫಿ" ಎಂಬ ಉತ್ತರ ಬರುತ್ತದೆ. ಅಲ್ಲಿಗೆ ನಿಲ್ಲಿಸಬಾರದು. "ಬೆಳಗ್ಗೆ ಎದ್ದು ಮೊದಲು ಬಾಯಿಗೆ ಹಾಕಿದ್ದೇನು? ಪೂಜೆ ಆದಮೇಲೆ? ಟೀವಿ ಮುಂದೆ ಕೂತಾಗ?" ಎಂದು ದಿನದ ಕೆಲಸಗಳ ಜೊತೆ ಹೆಣೆದು ಕೇಳಬೇಕು.

ಆ ಅಜ್ಜಿಯ ಲೆಕ್ಕ ಹೀಗೆ ಬಂತು. ಕಾಫಿ ದಿನಕ್ಕೆ ಆರು ಸಲ, ಪ್ರತಿ ಸಲ ಎರಡು ಟೀ ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಹಿಡಿದರೂ ದಿನಕ್ಕೆ 60 ಗ್ರಾಂ ಸಕ್ಕರೆ, 240 ಕಿಲೋಕ್ಯಾಲೊರಿ. ಪ್ರತಿ ಲೋಟಕ್ಕೆ 50 ಮಿಲಿ ಹಾಲು ಎಂದರೆ ಮತ್ತೆ 200 ಚಿಲ್ಲರೆ. "ಏನೂ ತಿನ್ನದ" ಅಜ್ಜಿಗೆ ಕಾಫಿಯಿಂದಲೇ 450 ದಾಟಿತು. ಬೈಯುವ ದನಿಯಲ್ಲಿ ಕೇಳಿದರೆ ಮುಂದಿನ ಸಲ ಕಾಫಿ ಎರಡೇ ಎನ್ನುತ್ತಾರೆ, ಅಷ್ಟೇ.

ಗಂಜಿ ಎಷ್ಟು ತೆಳು?

ಪಾರ್ಶ್ವವಾಯು ಆದ ಹಲವರಿಗೆ ನುಂಗುವುದು ಕಷ್ಟ. ತೆಳು ದ್ರವ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಹಾಗಾಗಿ ಶೀಟಿನಲ್ಲಿ "ಲೆವೆಲ್ 2" ಎಂದು ಬರೆದಿರುತ್ತದೆ. ಇದು ಐಡಿಡಿಎಸ್ಐ ಎಂಬ ಅಂತರರಾಷ್ಟ್ರೀಯ ಅಳತೆ, ನೀರಿನ 0ಯಿಂದ ಮಾಮೂಲಿ ಊಟದ 7ರವರೆಗೆ. "ಸ್ವಲ್ಪ ಗಟ್ಟಿ ಇರಲಿ" ಎಂದರೆ ಹತ್ತು ಅಡುಗೆಯವರು ಹತ್ತು ಥರ ಮಾಡುತ್ತಾರೆ, ಅದಕ್ಕೇ ಅಳತೆ ಬೇಕು.

ಬೇಕಾದ ಉಪಕರಣ 10 ಮಿಲಿ ಸಿರಿಂಜ್. ಶೂನ್ಯದಿಂದ 10ರ ಗೆರೆಯವರೆಗಿನ ಉದ್ದ 61.5 ಮಿಲಿಮೀಟರ್ ಇರಬೇಕು, ಎಲ್ಲ ಕಂಪನಿಯದೂ ಅಷ್ಟಿರುವುದಿಲ್ಲ. ಒತ್ತುವ ಹಿಡಿ (ಪ್ಲಂಜರ್) ತೆಗೆದು, ತುದಿಗೆ ಬೆರಳೊತ್ತಿ, 10ರ ಗೆರೆವರೆಗೆ ಗಂಜಿ ತುಂಬಿ. ಬೆರಳು ತೆಗೆದು 10 ಸೆಕೆಂಡ್ ಬಿಟ್ಟು ಮತ್ತೆ ಒತ್ತಿ. 1ರಿಂದ 4 ಮಿಲಿ ಉಳಿದರೆ ಲೆವೆಲ್ 1, 4ರಿಂದ 8 ಉಳಿದರೆ ಲೆವೆಲ್ 2, 8ಕ್ಕಿಂತ ಹೆಚ್ಚು ಉಳಿದರೂ ಇನ್ನೂ ಹರಿಯುತ್ತಿದ್ದರೆ ಲೆವೆಲ್ 3. ಒಂದು ಹನಿಯೂ ಇಳಿಯದಿದ್ದರೆ ಸಿರಿಂಜ್ ಬಿಟ್ಟು ಫೋರ್ಕ್, ಚಮಚದ ಪರೀಕ್ಷೆಗೆ ಹೋಗಬೇಕು.

ರಾಗಿ ಗಂಜಿಯ ಕಿತಾಪತಿ ಇರುವುದು ಇಲ್ಲೇ. ಒಲೆ ಪಕ್ಕ ಲೆವೆಲ್ 2 ಇದ್ದದ್ದು ಟ್ರಾಲಿಯಲ್ಲಿ ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಆರಿ 3 ಆಗಿರುತ್ತದೆ. ಪರೀಕ್ಷೆ ಮಾಡಬೇಕಾದದ್ದು ರೋಗಿ ಕುಡಿಯುವ ಬಿಸಿಯಲ್ಲಿ. ಮೊಳಕೆ ಬರಿಸಿದ ರಾಗಿ ಇನ್ನೊಂದು ಕಥೆ. ಮೊಳೆಯುವಾಗ ಅಮೈಲೇಸ್ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ, ಗಂಜಿ ತೆಳುವಾಗುತ್ತದೆ. ಮಕ್ಕಳಿಗೆ, ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆ) ಇರುವವರಿಗೆ ಇದು ವರ: ಅದೇ ಲೋಟದಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ನುಂಗಲಾರದವರಿಗೆ ಅದೇ ಅಪಾಯ. ಆದ್ದರಿಂದ ಡಬ್ಬಿಯ ಮೇಲೆ ಬರೀ "ರಾಗಿ ಹಿಟ್ಟು" ಎಂದು ಬರೆಯಬೇಡಿ, ಮೊಳಕೆಯದೋ ಅಲ್ಲವೋ ಬರೆಯಿರಿ.

ಕಿಡ್ನಿ ಊಟ

ಹೆಚ್ಚು ಜನ ಎಡವುವುದು ಇದರಲ್ಲಿ. ಎಳನೀರು "ತಂಪು, ಒಳ್ಳೆಯದು" ಎಂದು ನಂಟರು ತಂದುಕೊಡುತ್ತಾರೆ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋತ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ಹದ ತಪ್ಪುತ್ತದೆ. ಸೋಡಿಯಂ ಕಡಿಮೆ ಮಾಡಿದ ಉಪ್ಪು ಎಂದು ಮಾರುವುದರಲ್ಲೂ ಕಡಿಮೆ ಮಾಡಿದ ಸೋಡಿಯಂ ಬದಲಿಗೆ ಸಾಮಾನ್ಯವಾಗಿ ಪೊಟ್ಯಾಶಿಯಂ ಕ್ಲೋರೈಡ್ ಇರುತ್ತದೆ, ಬಿಪಿಗೆಂದು ಕೊಂಡವರು ಕಿಡ್ನಿ ರೋಗಿಗೂ ಅದನ್ನೇ ಹಾಕುತ್ತಾರೆ. ತರಕಾರಿ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಶಿಯಂ ಒಂದಷ್ಟು ಹೋಗುತ್ತದೆ. ಆದರೆ ನಮ್ಮವರು ಬಸಿದ ಕಟ್ಟನ್ನು ಚೆಲ್ಲುವುದುಂಟೇ? ಬಸ್ಸಾರು ಮಾಡುತ್ತಾರೆ! ಕಟ್ಟು ಚೆಲ್ಲಲೇಬೇಕು ಎಂದು ಅಡುಗೆಯವರಿಗೆ ಬಿಡಿಸಿ ಹೇಳಿ.

ಇನ್ನೊಂದು ವಿಷಯ. ಡಯಾಲಿಸಿಸ್‌ಗೆ ಮುಂಚೆ ಪ್ರೋಟೀನ್ ಮಿತಿಯಲ್ಲಿರುತ್ತದೆ. ಡಯಾಲಿಸಿಸ್ ಶುರುವಾದ ಮೇಲೆ ಅದನ್ನು ಏರಿಸುತ್ತಾರೆ, ಕೆ.ಜಿ. ತೂಕಕ್ಕೆ ದಿನಕ್ಕೆ 1.0ರಿಂದ 1.2 ಗ್ರಾಂ. ಹಳೇ ಶೀಟ್ ಬದಲಾಗದೆ ವಾರಗಟ್ಟಲೆ ಬೇಳೆ, ಮೊಟ್ಟೆ ಇಲ್ಲದ ತಟ್ಟೆಯೇ ಹೋಗುತ್ತಿರಬಹುದು. ತಾರೀಖು ನೋಡಿ, ಅನುಮಾನ ಬಂದರೆ ಸಿಸ್ಟರ್ ಬಳಿ ಕೇಳಿ.

ವಾಪಸ್ ಬಂದ ತಟ್ಟೆ

ಊಟದ ನಂತರ ತಟ್ಟೆಯಲ್ಲಿ ಉಳಿದದ್ದನ್ನು ಕಾಲು, ಅರ್ಧ, ಮುಕ್ಕಾಲು ಎಂದು ಗುರುತು ಹಾಕುತ್ತೇವೆ. ತಟ್ಟೆ ಖಾಲಿ ಇದ್ದರೆ ಖುಷಿಪಟ್ಟು ಪೂರ್ತಿ ಎಂದು ಬರೆದುಬಿಡುವುದು ಹೊಸಬರ ಅಭ್ಯಾಸ. ಒಬ್ಬ ರೋಗಿಯದು ನಾಲ್ಕು ದಿನ ಖಾಲಿ ತಟ್ಟೆ, ಆದರೂ ತೂಕ ಇಳಿಯುತ್ತಿತ್ತು. ಐದನೇ ದಿನ ಊಟದ ಹೊತ್ತಿಗೇ ವಾರ್ಡಿಗೆ ಹೋದೆ. ಜೊತೆಗಿದ್ದ ಮಗ ಕಿಟಕಿ ಕಡೆ ತಿರುಗಿ ನಮ್ಮ ಉಪ್ಪಿಲ್ಲದ ಸಾರನ್ನ ತಿನ್ನುತ್ತಿದ್ದ. ಮಂಚದ ಕೆಳಗೆ ಮನೆಯಿಂದ ಬಂದ ಕ್ಯಾರಿಯರ್ ಇತ್ತು, ಅದರ ಮೇಲಿನ ಡಬ್ಬಿಯಲ್ಲಿ ಉಪ್ಪಿನಕಾಯಿ. ಅಪ್ಪ ಅದರಲ್ಲಿ ಎರಡು ತುತ್ತು ತಿಂದು ಸಾಕೆಂದಿದ್ದರು.

"ಇದು ಅಪ್ಪಂಗೆ ಸೇರಲ್ಲ ಮೇಡಂ, ಚೆಲ್ಲಬಾರ್ದು ಅಂತ ನಾನೇ ತಿಂತೀನಿ" ಎಂದ. ಅವತ್ತಿನಿಂದ ಮೇಡಂ ಹೇಳಿ ಅವರ ಸಾರಿಗೆ ನಿಂಬೆಹುಳಿ, ಕರಿಮೆಣಸು ಹಾಕಿಸಿದರು. ನಾನು ಚಾರ್ಟಿನಲ್ಲಿ "ಎಷ್ಟು ಉಳಿಯಿತು" ಎಂಬುದರ ಪಕ್ಕ "ತಿಂದವರು ಯಾರು" ಎಂದು ಇನ್ನೊಂದು ಕಾಲಂ ಎಳೆದೆ.