ಹಾರದ ಹೆಲಿಕಾಪ್ಟರ್, ಎದೆಯೊಳಗಿನ ಸುಳಿ

ಲಿಯೊನಾರ್ಡೊ ಡ ವಿಂಚಿಯ ಬಗ್ಗೆ ಮಕ್ಕಳಿಗಾಗಿ ಬರುವ ಚಿತ್ರಪುಸ್ತಕಗಳಲ್ಲಿ ಮೂರು ಚಿತ್ರಗಳು ಸಾಮಾನ್ಯ. ಒಂದು ಮೊನಾಲಿಸಾ. ಇನ್ನೊಂದು, ಉದ್ದ ಗಡ್ಡದ ಅಜ್ಜ ಕನ್ನಡಿ ಹಿಡಿದು ತನ್ನದೇ 'ಗುಟ್ಟಿನ ಬರಹ' ಓದುತ್ತಿರುವುದು. ಮೂರನೆಯದು ಹೆಲಿಕಾಪ್ಟರ್. ಅದನ್ನು ನೋಡಿದ ಮಗು ಕೇಳುವುದು ಒಂದೇ ಪ್ರಶ್ನೆ: ಅದು ಹಾರ್ತಾ?

ಇಲ್ಲ, ಹಾರುವಂತೆಯೂ ಇರಲಿಲ್ಲ. ಅದು 1480ರ ದಶಕದ ಒಂದು ಪುಟ್ಟ ರೇಖಾಚಿತ್ರ. ಗಂಜಿ ಹಾಕಿ ಬಿಗಿ ಮಾಡಿದ ಲಿನನ್ ಬಟ್ಟೆಯ ತಿರುಪು, ಅದನ್ನು ಜೋರಾಗಿ ತಿರುಗಿಸಿದರೆ ಗಾಳಿಯನ್ನು ಕೊರೆದುಕೊಂಡು ಮೇಲೇರುತ್ತದೆ ಎಂಬ ಊಹೆ. ಅಷ್ಟು ಭಾರ ಎತ್ತುವ ಶಕ್ತಿ ಮನುಷ್ಯರ ಕೈಕಾಲುಗಳಲ್ಲಿ ಇಲ್ಲ. ಇನ್ನೊಂದು ತೊಂದರೆಯೂ ಇದೆ. ನೆಲ ಬಿಟ್ಟ ಕೂಡಲೇ ತಿರುಪು ಒಂದು ಕಡೆಗೆ ಸುತ್ತಿದರೆ, ಜನ ನಿಂತ ಅಟ್ಟಣೆ ಅದರ ವಿರುದ್ಧ ದಿಕ್ಕಿಗೆ ಸುತ್ತತೊಡಗುತ್ತದೆ. ಇಂದಿನ ಹೆಲಿಕಾಪ್ಟರಿನ ಬಾಲದಲ್ಲಿ ಚಿಕ್ಕ ಫ್ಯಾನ್ ಇರುವುದು ಇದನ್ನು ತಡೆಯಲಿಕ್ಕೇ.

ಕನ್ನಡಿ ಬರಹದಲ್ಲೂ ದೊಡ್ಡ ಗುಟ್ಟೇನಿಲ್ಲ ಅನ್ನಿಸುತ್ತದೆ. ಅವನು ಎಡಗೈಯವನು. ಬಲದಿಂದ ಎಡಕ್ಕೆ ಬರೆದರೆ ಹಸಿ ಶಾಯಿ ಕೈಗೆ ಮೆತ್ತಿಕೊಳ್ಳುವುದಿಲ್ಲ, ಅಷ್ಟೇ.

ಹಾಗಿದ್ದರೆ ಮಕ್ಕಳಿಗೆ ಏನು ತೋರಿಸಬೇಕು? ನನ್ನನ್ನು ಕೇಳಿದರೆ, ಹೃದಯದ ಪುಟ.

ಲಿಯೊನಾರ್ಡೊಗೆ ನೀರಿನ ಹುಚ್ಚು. ಕಾಲುವೆ, ತೂಬು, ಕಲ್ಲಿಗೆ ಬಡಿದು ತಿರುಗುವ ಸುಳಿ, ಎಲ್ಲವನ್ನೂ ಪುಟಗಟ್ಟಲೆ ಬರೆದಿಟ್ಟ. ಹೆಣಗಳನ್ನೂ ಕೊಯ್ದು ನೋಡುತ್ತಿದ್ದ. 1507-08ರ ಚಳಿಗಾಲದಲ್ಲಿ ಫ್ಲಾರೆನ್ಸ್‌ನ ಸಾಂತಾ ಮರಿಯಾ ನುವೊವಾ ಆಸ್ಪತ್ರೆಯಲ್ಲಿ, ನನಗೆ ನೂರು ದಾಟಿದೆ ಎನ್ನುತ್ತಿದ್ದ ಒಬ್ಬ ಮುದುಕ ಇವನ ಜೊತೆ ಮಾತಾಡುತ್ತಲೇ ಇದ್ದು, ಸ್ವಲ್ಪ ಹೊತ್ತಿನಲ್ಲಿ ಸದ್ದಿಲ್ಲದೆ ತೀರಿಕೊಂಡ. ಇಷ್ಟು ಸುಖದ ಸಾವು ಹೇಗೆ ಬಂತು ಎಂದು ತಿಳಿಯಲು ಲಿಯೊನಾರ್ಡೊ ಅವನ ದೇಹವನ್ನೇ ಕೊಯ್ದು ನೋಡಿದ. ಹೃದಯಕ್ಕೆ ರಕ್ತ ಒಯ್ಯುವ ನಾಳ ಒಣಗಿ ಸೊರಗಿತ್ತು. (ಇಂಥದ್ದನ್ನು ಮಕ್ಕಳಿಗೆ ಹೇಳಬಾರದು ಎನ್ನುವವರಿದ್ದಾರೆ. ಮಕ್ಕಳು ಇದನ್ನೇ ಮೊದಲು ಓದುತ್ತಾರೆ, ಅಲ್ವಾ?)

ಮುಂದೆ, ಸುಮಾರು 1513ರ ಹೊತ್ತಿಗೆ, ನೀರು ಮತ್ತು ಹೃದಯ ಒಂದೇ ಪುಟದಲ್ಲಿ ಕೂಡಿದವು. ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ದೊಡ್ಡ ನಾಳ, ಅಂದರೆ ಮಹಾಪಧಮನಿ, ಹೊರಡುವ ಜಾಗದಲ್ಲಿ ಮೂರು ಎಸಳಿನ ಒಂದು ಕವಾಟವಿದೆ. ರಕ್ತ ಹೊರಗೆ ಹೋಗುವಾಗ ತೆರೆಯುತ್ತದೆ, ವಾಪಸ್ ಬಾರದಂತೆ ಮುಚ್ಚುತ್ತದೆ. ವಾಪಸ್ ಬರುವ ರಕ್ತವೇ ಅದನ್ನು ತಳ್ಳಿ ಮುಚ್ಚುತ್ತದೆ ಎಂದುಕೊಳ್ಳುವುದು ಸಹಜ. ಲಿಯೊನಾರ್ಡೊ ಮಾತ್ರ ಪ್ರತಿ ಎಸಳಿನ ಹಿಂದೆ ನಾಳದ ಗೋಡೆ ಸ್ವಲ್ಪ ಉಬ್ಬಿರುವುದನ್ನು ಗಮನಿಸಿದ. ಹೊರಕ್ಕೆ ನುಗ್ಗಿದ ರಕ್ತದ ಅಂಚು ಆ ಉಬ್ಬಿನೊಳಗೆ ಹೊರಳಿ ಸುಳಿಯಾಗುತ್ತದೆ. ಆ ಸುಳಿ ಎಸಳನ್ನು ಹಿಂದಿನಿಂದ ಅರಳಿಸಿ ಮುಚ್ಚುವ ಕಡೆಗೆ ತರುತ್ತದೆ ಎಂದು ಅವನು ತರ್ಕಿಸಿದ.

ಪರೀಕ್ಷೆಗೂ ದಾರಿ ಬರೆದಿಟ್ಟ. ಎತ್ತಿನ ಹೃದಯದ ಬಾಗಿಲಿಗೆ ಮೇಣ ಹೊಯ್ದು ಆಕಾರ ತೆಗೆಯಬೇಕು. ಅದರಂತೆ ಗಾಜಿನ ನಾಳ ಮಾಡಿಸಬೇಕು. ಹುಲ್ಲಿನ ಬೀಜ ಬೆರೆಸಿದ ನೀರು ಹರಿಸಿ, ಬೀಜ ಸುತ್ತುವುದನ್ನು ಕಣ್ಣಾರೆ ನೋಡಬೇಕು.

1960ರ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡ್‌ನ ಬೆಲ್‌ಹೌಸ್ ಎಂಬ ಹೆಸರಿನ ಇಬ್ಬರು ಸಂಶೋಧಕರು ಪಾರದರ್ಶಕ ಮಾದರಿಯಲ್ಲಿ ಆ ಸುಳಿಗಳನ್ನು ಕಂಡರು. ಆಮೇಲೆ ಎಂಆರ್‌ಐ ಅವುಗಳನ್ನು ಬದುಕಿರುವ ಮನುಷ್ಯನ ಎದೆಯಲ್ಲೇ ತೋರಿಸಿತು. ಹಾಗಂತ ಅವನಿಗೆ ಎಲ್ಲ ಗೊತ್ತಿತ್ತು ಅಂತಲ್ಲ. ರಕ್ತ ದೇಹವೆಲ್ಲ ಸುತ್ತಿ ಮತ್ತೆ ಹೃದಯಕ್ಕೇ ಬರುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಅದಕ್ಕೆ 1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಬರಬೇಕಾಯಿತು.

1519ರಲ್ಲಿ ಲಿಯೊನಾರ್ಡೊ ಫ್ರಾನ್ಸಿನಲ್ಲಿ ತೀರಿಕೊಂಡಾಗ ಹೃದಯದ ಪುಟಗಳು ಅಚ್ಚಾಗಿರಲಿಲ್ಲ. ಟಿಪ್ಪಣಿಗಳು ಶಿಷ್ಯ ಫ್ರಾನ್ಚೆಸ್ಕೊ ಮೆಲ್ಜಿಯ ಕೈಸೇರಿದವು. ಹಾಗಾಗಿ ಅವನಿಗಿಂತ ಸುಮಾರು ಇನ್ನೂರು ವರ್ಷ ಆಮೇಲೆ ಬಂದ ಇಟಲಿಯ ವೈದ್ಯ ಆಂಟೋನಿಯೊ ವಾಲ್ಸಾಲ್ವಾನ ಹೆಸರು ಆ ಉಬ್ಬುಗಳಿಗೆ ಅಂಟಿಕೊಂಡಿತು. ಇಂದು ಮಹಾಪಧಮನಿಯ ಬುಡ ಹಾಳಾದವರಿಗೆ ಬಟ್ಟೆಯಿಂದ ಮಾಡಿದ ಕೃತಕ ನಾಳ ಕೂರಿಸುತ್ತಾರೆ. ಅಂಥ ಕೆಲವು ನಾಳಗಳನ್ನು ನೇರ ಕೊಳವೆಯಾಗಿ ಬಿಡದೆ, ಆ ಉಬ್ಬನ್ನೂ ಇಟ್ಟೇ ತಯಾರಿಸುತ್ತಾರೆ.