ಕಲ್ಲಿಗೆ ಆಗದ್ದು ಕಂಚಿಗೆ ಆಗುತ್ತದೆ

ಕೋಲಾರದ ಅಂತರಗಂಗೆ ಬೆಟ್ಟದಲ್ಲಿ ಬಂಡೆಗಳು ಗುಂಡಗೆ ಕೂತಿರುವುದನ್ನು ನೋಡಿದ್ದೀರಲ್ವಾ? ಗ್ರಾನೈಟ್ ಮೊದಲು ಸೀಳುತ್ತದೆ. ಮೂಲೆಗೆ ಎಲ್ಲ ಕಡೆಯಿಂದ ನೀರು, ಗಾಳಿ ತಾಗುವುದರಿಂದ ಅದೇ ಬೇಗ ಸವೆಯುತ್ತದೆ. ಇಂಥ ಆಕಾರಗಳ ಹುಚ್ಚು ಹತ್ತಿಸಿಕೊಂಡವರು ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್ (1898–1986). ಕಲ್ಲು, ಮೂಳೆ, ಚಿಪ್ಪು ಆರಿಸಿ ತಂದು ಸ್ಟುಡಿಯೋದಲ್ಲಿ ಗುಡ್ಡೆ ಹಾಕುತ್ತಿದ್ದರು. ಅವರ ಎಷ್ಟೋ ಕಂಚಿನ ಶಿಲ್ಪಗಳು ಹುಟ್ಟಿದ್ದು ಅಲ್ಲಿಂದ.

ಕಂಚೇ ಯಾಕೆ? ಕಲ್ಲು ಅದುಮಿದರೆ ತಡೆದುಕೊಳ್ಳುತ್ತದೆ, ಎಳೆದರೆ ಮುರಿಯುತ್ತದೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕಲ್ಲಿನ ಮೂರ್ತಿಯ ಕೈ ಸಾಮಾನ್ಯವಾಗಿ ಮೈಗೋ ಪ್ರಭಾವಳಿಗೋ ಅಂಟಿಕೊಂಡಿರುವುದು ಸುಮ್ನೆ ಅಲ್ಲ. ಚಾಚಿದ ಕೈಯ ಭಾರ ಅದರ ಬುಡದ ಮೇಲ್ಭಾಗವನ್ನು ಎಳೆಯುತ್ತಿರುತ್ತದೆ. ಆ ಎಳೆತವನ್ನು ಕಂಚು ಗ್ರಾನೈಟಿಗಿಂತ ಹತ್ತು ಪಟ್ಟಿಗೂ ಜಾಸ್ತಿ ತಾಳುತ್ತದೆ. ಹಾಗಾಗಿ ಗಾಳಿಗೆ ಚಾಚಿದ ತೆಳು ರೆಕ್ಕೆಯೂ ನಿಲ್ಲುತ್ತದೆ, ಕೆಜಿಎಫ್ ಗಣಿಬಾವಿಯ ಮೇಲಿನ ಚಕ್ರದ ಗೋಪುರದಲ್ಲಿರುವಂಥ ಅಡ್ಡಪಟ್ಟಿಗಳ ಜಾಲವೂ ನಿಲ್ಲುತ್ತದೆ.

ಶಿಲ್ಪದ ಕಂಚಿನಲ್ಲಿ ಸುಮಾರು 90 ಪಾಲು ತಾಮ್ರ, 10 ಪಾಲು ತವರ. ಬರೀ ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ತವರ ಸೇರಿದರೆ ಅಷ್ಟು ಬೇಡ, ಅಚ್ಚಿನ ಸಂದುಗೊಂದಿಗೂ ಚೆನ್ನಾಗಿ ಹರಿಯುತ್ತದೆ. ಮೇಣದಲ್ಲಿ ಆಕಾರ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಜಾಗಕ್ಕೆ ಕಂಚು ಹುಯ್ಯುತ್ತಾರೆ. ಸಣ್ಣ ಪಂಚಲೋಹದ ವಿಗ್ರಹ ಗಟ್ಟಿಯಾಗಿಯೇ ಇರಬಹುದು. ದೊಡ್ಡ ಶಿಲ್ಪದ ಒಳಗೆ ಮಾತ್ರ ಪೊಳ್ಳು, ಗೋಡೆಯ ದಪ್ಪ ಹೆಚ್ಚೂಕಮ್ಮಿ 5–6 ಮಿಲಿಮೀಟರ್. ದುಡ್ಡು ಉಳಿಸುವುದಷ್ಟೇ ಕಾರಣವಲ್ಲ. ತಣಿಯುವಾಗ ಕಂಚು ಕುಗ್ಗುತ್ತದೆ. ದಪ್ಪಗಿದ್ದರೆ ಹೊರಗೆ ಗಟ್ಟಿಯಾದ ಮೇಲೂ ಒಳಗಿನದು ಇನ್ನೂ ಕುಗ್ಗುತ್ತಿರುತ್ತದೆ. ಒಳಗೆ ಗುಳಿ ಬೀಳುತ್ತದೆ, ಬಿರುಕು ಬಿಡುತ್ತದೆ. ಒಳಮೂಲೆ ಚೂಪಾಗಿದ್ದರಂತೂ ಅಲ್ಲೇ ಸೀಳುವ ಭಯ. ಮೂಳೆಯ ಹಾಗೆ ನಯವಾಗಿ ಬಾಗಿ, ದಪ್ಪ ಒಮ್ಮೆಲೇ ಬದಲಾಗದ ಆಕಾರ ಎರಕಕ್ಕೂ ಸಲೀಸು. ಮೂರ್ ಅವರ ಮೂಳೆಗಳ ಗುಡ್ಡೆ ಎರಕದವರಿಗೂ ಒಳ್ಳೆಯದನ್ನೇ ಮಾಡಿತು ಅನ್ನಿ.

ಇನ್ನು ಕಂಚಿನ ಶಿಲ್ಪದ ಕಂದು, ಹಸಿರು ಬಣ್ಣ. ಅದು ಪೇಂಟ್ ಅಲ್ಲ. ರಾಸಾಯನಿಕ ಸವರಿ ಬಿಸಿ ಮಾಡಿದಾಗ ಮೇಲ್ಮೈ ಲೋಹವೇ ಅದರ ಜೊತೆ ಸೇರಿ ಆಗುವ ತೆಳು ಪದರ. ನಮ್ಮ ಕಡೆ ಹುಣಸೆಹಣ್ಣಿಗೆ ಬರವಿಲ್ಲ, ನಿಜ. ಆದರೆ ಹಬ್ಬದ ಹಿತ್ತಾಳೆ ಪಾತ್ರೆ ಬೆಳಗಿದ ಹಾಗೆ ಇದನ್ನು ಬೆಳಗಲು ಹೋಗಬೇಡಿ. ಹುಣಸೆಯ ಆಮ್ಲ ಆ ಪದರವನ್ನೇ ಕಿತ್ತುಹಾಕುತ್ತದೆ. ಮೆತ್ತನೆ ಬಟ್ಟೆಯಲ್ಲಿ ದೂಳು ಒರೆಸಿ, ಆಗಾಗ ತೆಳ್ಳಗೆ ಮೇಣ ಸವರಿದರೆ ಸಾಕು.